ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು

ಅಮೆರಿಕದಲ್ಲಿರುವ ಕನ್ನಡಿಗರು ಪ್ರೊಟೆಸ್ಟಂಟ್ ಪಂಥವಾದ ಪ್ರೆಸ್ಬಿಟೇರಿಯನ್ ಚರ್ಚಿನ ಕಚೇರಿಗೆ ಹೋಗುವುದು ನಾಲ್ಕಾರು ಕಾರಣಕ್ಕೆ. ಊರಿನಲ್ಲಿ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವರು ಸದಸ್ಯರಾಗಲು, ಮಗುವಿನ ದೀಕ್ಷಾಸ್ನಾನಕ್ಕೆ (ಬ್ಯಾಪ್ಟಿಸಂ), ಮದುವೆಗೆ ಹೋಗುತ್ತಾರೆ. ಉಳಿದವರು ಮಗುವನ್ನು ಅಲ್ಲಿನ ಪ್ರೀಸ್ಕೂಲಿಗೆ ಸೇರಿಸಲು, ಇಲ್ಲವೇ ಶನಿವಾರದ ಕನ್ನಡ ತರಗತಿಗೋ ಯುಗಾದಿ ಊಟಕ್ಕೋ ಹಾಲ್ ಕೇಳಲು ಹೋಗುತ್ತಾರೆ. ಬಹುತೇಕರು ಮೊದಲು ಬರೆಯುವುದು ಪಾಸ್ಟರಿಗೆ. ಪಾಸ್ಟರ್ ಪ್ರೀತಿಯಿಂದಲೇ ಉತ್ತರಿಸುತ್ತಾರೆ, ಆದರೆ ಕೆಲಸ ನಿಂತಲ್ಲೇ ನಿಲ್ಲುತ್ತದೆ. ಈ ಚರ್ಚುಗಳಲ್ಲಿ ತೀರ್ಮಾನ ಮಾಡುವವರು ಬೇರೆ, ಕೆಲಸ ನಡೆಸುವವರು ಬೇರೆ. ಅದು ತಿಳಿದರೆ ವಾರಗಟ್ಟಲೆ ಕಾಯುವುದು ತಪ್ಪುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ.

ಇಲ್ಲಿ ಹೇಳುವುದು 1983ರಲ್ಲಿ ಉತ್ತರ ಮತ್ತು ದಕ್ಷಿಣದ ಎರಡು ಸಂಘಟನೆಗಳು ಒಂದಾಗಿ ಆದ ಪ್ರೆಸ್ಬಿಟೇರಿಯನ್ ಚರ್ಚ್ ಯುಎಸ್ಎ ಪದ್ಧತಿ. 1973ರಲ್ಲಿ ದಕ್ಷಿಣದ ಸಂಘಟನೆಯಿಂದ ಬೇರೆಯಾದ ಪ್ರೆಸ್ಬಿಟೇರಿಯನ್ ಚರ್ಚ್ ಇನ್ ಅಮೆರಿಕದಲ್ಲೂ ಚೌಕಟ್ಟು ಹೆಚ್ಚುಕಡಿಮೆ ಇದೇ, ಆದರೆ ಅಲ್ಲಿ ಹೆಂಗಸರನ್ನು ಪಾಸ್ಟರ್ ಅಥವಾ ಹಿರಿಯರಾಗಿ (ಎಲ್ಡರ್, ಇದು ಹುದ್ದೆಯ ಹೆಸರು) ನೇಮಿಸುವುದಿಲ್ಲ. ಬೋರ್ಡಿನ ಮೇಲೆ ಬರಿದೇ 'ಪ್ರೆಸ್ಬಿಟೇರಿಯನ್' ಎಂದಿದ್ದರೆ ಯಾವುದೆಂದು ಕಚೇರಿಯಲ್ಲೇ ಕೇಳಿಕೊಳ್ಳಿ.

ತೀರ್ಮಾನ ಸೆಷನ್ನಿನದು

ಸೆಷನ್ ಎಂದರೆ ಸಭೆಯ, ಅಂದರೆ ಆ ಚರ್ಚಿನ ವಿಶ್ವಾಸಿಗಳ ಸಮೂಹದ, ಸದಸ್ಯರು ಆರಿಸಿದ ಹಿರಿಯರು ಮತ್ತು ಪಾಸ್ಟರ್ ಸೇರಿದ ಮಂಡಳಿ. ಹಿರಿಯರಿಗೆ ಸಂಬಳವಿಲ್ಲ. ಒಂದು ಅವಧಿ ಹೆಚ್ಚೆಂದರೆ 3 ವರ್ಷ. ಸತತ 6 ವರ್ಷ ಮುಗಿದ ಮೇಲೆ ಕನಿಷ್ಠ 1 ವರ್ಷ ಬಿಡುವು ಕಡ್ಡಾಯ. ಆದ್ದರಿಂದ ಹೋದ ವರ್ಷ ನಿಮಗೆ ಸಹಾಯ ಮಾಡಿದ ಹಿರಿಯರು ಈ ವರ್ಷ ಸೆಷನ್ನಿನಲ್ಲಿ ಇಲ್ಲದಿರಬಹುದು. ಹಳೆಯ ಪರಿಚಯವನ್ನೇ ನಂಬಿ ಕೂರಬೇಡಿ. ಸೆಷನ್ನಿಗೆ ಪಾಸ್ಟರೇ ಅಧ್ಯಕ್ಷರು, ಆದರೂ ಒಬ್ಬರೇ ತೀರ್ಮಾನಿಸುವಂತಿಲ್ಲ. ಕಟ್ಟಡದ ಬಳಕೆ, ಬಜೆಟ್, ಆರಾಧನೆಯ ವೇಳೆ, ಪಾಸ್ಟರ್ ಅಲ್ಲದ ಸಿಬ್ಬಂದಿಯ ನೇಮಕ ಮತ್ತು ಸಂಬಳ ಎಲ್ಲ ಸೆಷನ್ನಿನ ಕೈಯಲ್ಲಿ.

ಸೆಷನ್ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಹೆಚ್ಚಿನ ಕಡೆ ತಿಂಗಳಿಗೊಮ್ಮೆ ಸೇರುತ್ತದೆ, ಬೇಸಿಗೆಯಲ್ಲಿ ಕೆಲವರು ಒಂದು ತಿಂಗಳು ಬಿಡುತ್ತಾರೆ. ನಿಮ್ಮ ಕೋರಿಕೆಗೆ ಸೆಷನ್ನಿನ ಒಪ್ಪಿಗೆ ಬೇಕಿದ್ದರೆ ಅದು ಸೇರುವ ದಿನ ತಿಳಿದುಕೊಂಡು, ಅದಕ್ಕೆ ಹತ್ತು ದಿನ ಮೊದಲೇ ಬರಹದಲ್ಲಿ ಕೊಡಿ. ಕಾರ್ಯಸೂಚಿ ಮುಂಚೆಯೇ ಸಿದ್ಧವಾಗಿರುತ್ತದೆ. ಹಿಂದಿನ ದಿನ ಬಂದದ್ದು ಮುಂದಿನ ತಿಂಗಳಿಗೆ ಹೋಗುತ್ತದೆ.

ಇಲ್ಲಿ ಮರೆಯಬಾರದ ಒಬ್ಬರಿದ್ದಾರೆ: ಕ್ಲರ್ಕ್ ಆಫ್ ಸೆಷನ್. ಹೆಸರು ಕೇಳಿ ಕಚೇರಿಯ ಗುಮಾಸ್ತರೆಂದು ತಿಳಿಯಬೇಡಿ. ಇವರು ಸೆಷನ್ ಆರಿಸಿದ ಹಿರಿಯರು. ನಡಾವಳಿ ಬರೆಯುವುದು, ಸದಸ್ಯರ ಪಟ್ಟಿ, ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆಗಳನ್ನು ಇಡುವುದು ಇವರ ಹೊಣೆ. ಹತ್ತು ವರ್ಷದ ಹಿಂದಿನ ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕಾದರೆ ಕೇಳಬೇಕಾದದ್ದು ಇವರನ್ನು. ಚರ್ಚಿನ ಹಳೆಯ ದಾಖಲೆಗಳು ಫಿಲಡೆಲ್ಫಿಯಾದ ಪ್ರೆಸ್ಬಿಟೇರಿಯನ್ ಹಿಸ್ಟಾರಿಕಲ್ ಸೊಸೈಟಿಗೆ ಹೋಗಿದ್ದರೂ ಆ ಮಾಹಿತಿ ಇವರಿಂದಲೇ ಸಿಗುತ್ತದೆ.

ಸಿಎಸ್ಐನಿಂದ ಬಂದವರು ಬಿಷಪ್ ಎಲ್ಲಿ ಎಂದು ಹುಡುಕುತ್ತಾರೆ. ಇಲ್ಲಿ ಬಿಷಪ್ ಇಲ್ಲ. ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರು 1908ರಲ್ಲಿ ಕಾಂಗ್ರಿಗೇಷನಲ್ ಸಭೆಗಳೊಂದಿಗೆ ಸೇರಿ, 1947ರಲ್ಲಿ ಆಂಗ್ಲಿಕನ್ನರು ಮತ್ತು ಮೆಥಡಿಸ್ಟರ ಜೊತೆ ಸಿಎಸ್ಐ ಆದಾಗ ಬಿಷಪ್ ಪದ್ಧತಿ ಒಪ್ಪಿಕೊಂಡರು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಸ್ಕಾಟಿಷ್ ಪ್ರೆಸ್ಬಿಟೇರಿಯನ್ ಚರ್ಚಾಗಿ ಶುರುವಾಗಿ ಈಗ ಸಿಎಸ್ಐಗೆ ಸೇರಿದೆ. ಅಮೆರಿಕದಲ್ಲಿ ಬಿಷಪ್ಪರ ಜಾಗದಲ್ಲಿ ಪ್ರೆಸ್ಬಿಟೆರಿ ಇದೆ. ಅದು ಒಂದು ಪ್ರದೇಶದ ಚರ್ಚುಗಳ ಪಾಸ್ಟರುಗಳು ಮತ್ತು ಹಿರಿಯರು ಸೇರುವ ಮಂಡಳಿ.

ಪಾಸ್ಟರ್: ಏನು ಕೇಳಬಹುದು, ಏನು ಕೇಳಬಾರದು

ಪಾಸ್ಟರನ್ನು ಸೆಷನ್ ನೇಮಿಸುವುದಿಲ್ಲ, ತೆಗೆಯಲೂ ಆಗುವುದಿಲ್ಲ. ಸಭೆ ಆರಿಸಿದ ಸಮಿತಿ ಅಭ್ಯರ್ಥಿಯನ್ನು ಹುಡುಕುತ್ತದೆ, ಸಭೆ ಮತ ಹಾಕುತ್ತದೆ, ಪ್ರೆಸ್ಬಿಟೆರಿ ಒಪ್ಪಬೇಕು. ಪಾಸ್ಟರ್ ಆ ಸಭೆಯ ಸದಸ್ಯರೂ ಅಲ್ಲ. ಅವರ ಸದಸ್ಯತ್ವ ಪ್ರೆಸ್ಬಿಟೆರಿಯಲ್ಲಿ. ಅಸೋಸಿಯೇಟ್ ಪಾಸ್ಟರ್ ಯುವಜನ, ಭೇಟಿ, ಶಿಕ್ಷಣದಂಥ ಒಂದು ಭಾಗ ನೋಡಿಕೊಳ್ಳುತ್ತಾರೆ. ಇಂಟರಿಮ್ ಎಂದಿದ್ದರೆ ತಾತ್ಕಾಲಿಕ: ಒಬ್ಬರು ಹೋಗಿ ಇನ್ನೊಬ್ಬರು ಬರುವವರೆಗೆ ಇರುವವರು. ಅವರಿಂದ ಮುಂದಿನ ವರ್ಷದ ಮಾತು ತೆಗೆದುಕೊಳ್ಳಬೇಡಿ, ಅದನ್ನು ಉಳಿಸಿಕೊಳ್ಳಲು ಅವರೇ ಅಲ್ಲಿ ಇರುವುದಿಲ್ಲ.

ಹಿಂದಿನ ಪಾಸ್ಟರ್ ನಿಮಗೆ ತುಂಬಾ ಬೇಕಾದವರು, ಮದುವೆಗೆ ಅವರೇ ಬರಬೇಕು ಎನ್ನುವುದು ಸಹಜ. ಆದರೆ ಬಿಟ್ಟುಹೋದ ಪಾಸ್ಟರ್ ಸೆಷನ್ನಿನ ಈಗಿನ ಅಧ್ಯಕ್ಷರ ಆಹ್ವಾನವಿಲ್ಲದೆ ಹಳೆಯ ಸಭೆಯವರ ಮದುವೆ, ಅಂತ್ಯಕ್ರಿಯೆ ನಡೆಸುವಂತಿಲ್ಲ. ಈಗಿನ ಪಾಸ್ಟರಿಗೆ ಮೊದಲು ಹೇಳಿ, ಅವರೇ ಕರೆಯಲಿ. ನೀವು ನೇರವಾಗಿ ಕರೆದರೆ ಇಬ್ಬರಿಗೂ ಮುಜುಗರ.

ಆಸ್ಪತ್ರೆ, ಸಾವು, ಮನೆಯ ಸಂಕಟಕ್ಕೆ ಮಾತ್ರ ಪಾಸ್ಟರಿಗೆ ನೇರವಾಗಿ, ಯಾವ ಹೊತ್ತಿಗಾದರೂ ಕರೆ ಮಾಡಿ. ಇದರಲ್ಲಿ ನಮ್ಮವರು ಸಂಕೋಚಪಡುವುದೇ ಹೆಚ್ಚು. ಊರಿನಲ್ಲಿ ಸುದ್ದಿ ತಾನಾಗಿ ಹರಡುತ್ತದೆ. ಇಲ್ಲಿ ಆಸ್ಪತ್ರೆಯವರು ಚರ್ಚಿಗೆ ತಾವಾಗಿ ತಿಳಿಸುತ್ತಾರೆಂದು ನಂಬುವಂತಿಲ್ಲ. ಆಸ್ಪತ್ರೆಯ ಹೆಸರು, ಕೋಣೆ, ಭೇಟಿಯ ವೇಳೆ, ಮತ್ತು ಭಾನುವಾರದ ಪ್ರಾರ್ಥನೆಯಲ್ಲಿ ಹೆಸರು ಹೇಳಬಹುದೇ ಬೇಡವೇ ಎಂಬುದನ್ನು ಸ್ಪಷ್ಟವಾಗಿ ಹೇಳಿ. ನೀವು ಗುಟ್ಟಾಗಿ ಹೇಳಿಕೊಂಡದ್ದನ್ನು ಪಾಸ್ಟರ್ ಗುಟ್ಟಾಗಿಯೇ ಇಡಬೇಕು. ಆದರೆ ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ತಿಳಿದುಬಂದರೆ ವರದಿ ಮಾಡುವ ಹೊಣೆ ಅವರ ಮೇಲಿದೆ.

ಬಾಣಂತಿಯ ಮನೆಗೆ ಊಟ, ಆಸ್ಪತ್ರೆಗೆ ಕಾರು, ಒಂಟಿ ವೃದ್ಧರ ಭೇಟಿ ಇವು ಡೀಕನ್‌ಗಳ ಕೆಲಸ. ಅವರೂ ಆಯ್ಕೆಯಾದವರೇ, ಸಂಬಳವಿಲ್ಲ. ಸಸ್ಯಾಹಾರ ಮಾತ್ರವೇ, ಮೊಟ್ಟೆ ಆಗುತ್ತದೆಯೇ ಎಂಬುದನ್ನು ಬಾಯಿಬಿಟ್ಟು ಹೇಳಿ. ಬಾಡಿಗೆಗೋ ಕರೆಂಟ್ ಬಿಲ್ಲಿಗೋ ನೆರವು ಬೇಕಾದರೆ ಬಿಲ್ ಜೊತೆಗೇ ಹೋಗಿ. ಸಾಮಾನ್ಯವಾಗಿ ನಗದು ಕೊಡುವುದಿಲ್ಲ, ಮನೆ ಮಾಲೀಕರಿಗೋ ಕಂಪನಿಗೋ ನೇರವಾಗಿ ಕಟ್ಟುತ್ತಾರೆ. ಕೆಲವು ಚರ್ಚುಗಳಲ್ಲಿ ಡೀಕನ್‌ಗಳೇ ಇರುವುದಿಲ್ಲ, ಅಲ್ಲಿ ಈ ಕೆಲಸವನ್ನೂ ಸೆಷನ್ನೇ ಮಾಡಿಸುತ್ತದೆ.

ಸದಸ್ಯತ್ವ, ದೀಕ್ಷಾಸ್ನಾನ, ಮದುವೆ

ಸಿಎಸ್ಐನಲ್ಲಿ ಆದ ದೀಕ್ಷಾಸ್ನಾನ ಇಲ್ಲಿ ಸಲ್ಲುತ್ತದೆ, ಮತ್ತೆ ಕೊಡುವುದಿಲ್ಲ. ಸದಸ್ಯರಾಗಲು ಊರಿನ ಸಭಾಪಾಲಕರಿಂದ ವರ್ಗಾವಣೆ ಪತ್ರ ತರಿಸಿ ಕ್ಲರ್ಕಿಗೆ ಕೊಡಿ. ಪತ್ರ ತಿಂಗಳಾದರೂ ಬರದಿದ್ದರೆ ಕಾಯಬೇಕಿಲ್ಲ, ಸೆಷನ್ನಿನ ಮುಂದೆ ವಿಶ್ವಾಸವನ್ನು ಪುನಃ ಅರಿಕೆ ಮಾಡಿ ಸೇರಬಹುದು. ಮಗುವಿನ ದೀಕ್ಷಾಸ್ನಾನಕ್ಕೆ ಸೆಷನ್ನಿನ ಅನುಮತಿ ಬೇಕು, ಕೊಡುವವರು ಪಾಸ್ಟರ್, ಜಾಗ ಭಾನುವಾರದ ಆರಾಧನೆ. ಊರಿನಿಂದ ಅಜ್ಜ ಅಜ್ಜಿ ಬರುವ ತಾರೀಖು ನೋಡಿ ಟಿಕೆಟ್ ಮಾಡಿಸಿ ಆಮೇಲೆ ಪಾಸ್ಟರಿಗೆ ಹೇಳುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಸೆಷನ್ ಸಭೆ, ಪಾಸ್ಟರ್ ಜೊತೆ ಮಾತುಕತೆ, ಆರಾಧನೆಯ ದಿನ ಎಲ್ಲ ಹೊಂದಬೇಕು. ಮೂರು ತಿಂಗಳ ಮುಂಚೆ ಶುರುಮಾಡಿ.

ಮದುವೆಯಲ್ಲಿ ಎರಡು ಒಪ್ಪಿಗೆ ಬೇರೆ ಬೇರೆ. ಮದುವೆ ನಡೆಸಬೇಕೇ ಬೇಡವೇ ಎಂಬುದು ಪಾಸ್ಟರರ ವಿವೇಚನೆ, ಅವರನ್ನು ಯಾರೂ ಒತ್ತಾಯಿಸುವಂತಿಲ್ಲ. ಕಟ್ಟಡ ಕೊಡುವುದು ಸೆಷನ್ನಿನ ಅಧಿಕಾರ. ಕೌಂಟಿಯಿಂದ ವಿವಾಹ ಪರವಾನಗಿ ನೀವೇ ತರಬೇಕು. ಮದುವೆಯಾದ ಮೇಲೆ ಅದು ಸಹಿಯಾಗಿ ವಾಪಸು ಹೋಯಿತೇ ಎಂದು ಖಚಿತಪಡಿಸಿಕೊಳ್ಳಿ. ತಾಳಿ ಕಟ್ಟುವುದು ನಮ್ಮ ಸಿಎಸ್ಐ ಮದುವೆಗಳಲ್ಲಿ ವಾಡಿಕೆ, ಆದರೆ ಅಮೆರಿಕದ ಪಾಸ್ಟರ್ ಅದನ್ನು ನೋಡಿಯೇ ಇರದಿರಬಹುದು. ಮೊದಲ ಭೇಟಿಯಲ್ಲೇ ವಿವರಿಸಿ, ಉಂಗುರದ ಮೊದಲೋ ನಂತರವೋ ಎಂದು ಬರೆದು ಕೊಡಿ. ಹಿಂದೂ ಮನೆತನದ ಕಡೆಯಿಂದ ಹೋಮವೂ ಇದ್ದರೆ ಅದಕ್ಕೆ ಬೇರೆ ಜಾಗ ನೋಡುವುದು ಒಳ್ಳೆಯದು. ಹೊಗೆಯ ಅಲಾರಂ ಮತ್ತು ವಿಮೆ ಎರಡೂ ಅಡ್ಡ ಬರುತ್ತವೆ. ಹಾಡುಗಳ ವಿಷಯ ಆರ್ಗನಿಸ್ಟ್ ಮತ್ತು ಪಾಸ್ಟರ್ ಜೊತೆ ಮಾತಾಡಿ. ಮದುವೆಯೂ ಆರಾಧನೆಯೇ ಆದ್ದರಿಂದ ಸಿನಿಮಾ ಹಾಡನ್ನು ಊಟದ ಹಾಲಿಗೆ ಇಟ್ಟುಕೊಳ್ಳಿ ಎನ್ನಬಹುದು. ಹಲವು ಚರ್ಚುಗಳಲ್ಲಿ ಹೊರಗಿನ ವಾದಕರನ್ನು ಕರೆದರೂ ಚರ್ಚಿನ ಆರ್ಗನಿಸ್ಟಿಗೆ ಶುಲ್ಕ ಕೊಡಬೇಕಾಗುತ್ತದೆ. ಅದು ಅವರ ಒಪ್ಪಂದದಲ್ಲೇ ಇರುವ ಮಾತು, ಚೌಕಾಸಿ ಮಾಡಬೇಡಿ.

ಹಾಲ್ ಪಡೆಯುವುದು

ಕನ್ನಡ ಕೂಟಗಳಿಗೆ ಹೆಚ್ಚು ತೊಡಕಾಗುವುದು ಇಲ್ಲೇ, ಆದ್ದರಿಂದ ವಿವರವಾಗಿ.

ಮೊದಲು ಕಾಣಬೇಕಾದವರು ಚರ್ಚ್ ಅಡ್ಮಿನಿಸ್ಟ್ರೇಟರ್. ಕೆಲವೆಡೆ ಆಫೀಸ್ ಮ್ಯಾನೇಜರ್ ಎನ್ನುತ್ತಾರೆ. ಕ್ಯಾಲೆಂಡರ್ ಇವರ ಕೈಯಲ್ಲಿದೆ. ಮೊದಲ ಇಮೇಲಿನಲ್ಲೇ ಇಷ್ಟು ಇರಲಿ: ತಾರೀಖು; ಜೋಡಿಸುವ ಮತ್ತು ಗುಡಿಸುವ ಹೊತ್ತೂ ಸೇರಿ ಎಷ್ಟರಿಂದ ಎಷ್ಟರವರೆಗೆ; ಜನ ಎಷ್ಟು, ಅದರಲ್ಲಿ ಮಕ್ಕಳೆಷ್ಟು; ಅಡುಗೆ ಅಲ್ಲೇ ಮಾಡುತ್ತೀರಾ, ತಂದು ಬಿಸಿ ಮಾಡುತ್ತೀರಾ; ಮೈಕ್ ಬೇಕೇ; ದೀಪ ಹಚ್ಚುತ್ತೀರಾ; ಟಿಕೆಟ್ ಇದೆಯೇ. ಕಾರ್ಯಕ್ರಮ 4 ಗಂಟೆಗೆ ಎಂದು ಬರೆದು 1 ಗಂಟೆಗೇ ಪಾತ್ರೆ ಇಳಿಸಲು ಹೋದರೆ ಅಲ್ಲಿ ಬೇರೆಯವರ ಕೂಟ ನಡೆಯುತ್ತಿರುತ್ತದೆ.

ಗಣೇಶನ ಪೂಜೆ ಇದ್ದರೆ ಪೂಜೆ ಎಂದೇ ಬರೆಯಿರಿ. 'ಸಾಂಸ್ಕೃತಿಕ ಕಾರ್ಯಕ್ರಮ' ಎಂದು ಮುಚ್ಚಿಡುವುದು ಸರಿಯಲ್ಲ. ಅದು ಅವರ ಆರಾಧನೆಯ ಮನೆ, ಅಲ್ಲಿ ಏನು ನಡೆಯಬಹುದೆಂದು ನಿರ್ಧರಿಸುವ ಹಕ್ಕು ಸೆಷನ್ನಿನದು. ಕೆಲವು ಸೆಷನ್‌ಗಳು ಸಂತೋಷದಿಂದ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಆಮೇಲೆ ಗೊತ್ತಾದರೆ ಮುಂದಿನ ವರ್ಷದ ಕನ್ನಡ ತರಗತಿಗೂ ಬಾಗಿಲು ಮುಚ್ಚುತ್ತದೆ.

ಆಮೇಲೆ ವಿಮೆಯ ಪ್ರಮಾಣಪತ್ರ ಕೇಳುತ್ತಾರೆ. ಸಾಮಾನ್ಯವಾಗಿ ಕೇಳುವುದು 10 ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆ, ಅದರಲ್ಲಿ ಚರ್ಚನ್ನು ಹೆಚ್ಚುವರಿ ವಿಮಾದಾರರೆಂದು ಸೇರಿಸಿರಬೇಕು. ಪತ್ರ ತಿರಸ್ಕೃತವಾಗುವುದು ಬಹಳ ಸಲ ಹೆಸರಿನಿಂದ: ಬೋರ್ಡಿನ ಮೇಲಿನ ಹೆಸರೇ ಬೇರೆ, ನೋಂದಾಯಿತ ಕಾನೂನು ಹೆಸರೇ ಬೇರೆ. ಸರಿಯಾದ ಹೆಸರನ್ನು ಅಡ್ಮಿನಿಸ್ಟ್ರೇಟರಿಂದ ಬರೆಸಿಕೊಂಡು ವಿಮಾ ಏಜೆಂಟರಿಗೆ ಹಾಗೆಯೇ ಕಳಿಸಿ. ಜೋಡಿಸಲು ಹಿಂದಿನ ಸಂಜೆಯೇ ಹೋಗುವುದಾದರೆ ಆ ದಿನವೂ ವಿಮೆಯಲ್ಲಿ ಇರಲಿ. ನೋಂದಣಿಯಿಲ್ಲದ ಗುಂಪುಗಳು ಒಂದು ದಿನದ ಕಾರ್ಯಕ್ರಮದ ವಿಮೆ ಕೊಳ್ಳಬಹುದು.

ಒಪ್ಪಂದ ಸಹಿಯಾಗುವವರೆಗೆ ಹಾಲ್ ನಿಮ್ಮದಲ್ಲ. ಪಾಸ್ಟರ್ ಭಾನುವಾರ ಬಾಗಿಲ ಬಳಿ "ಖಂಡಿತ, ಆಗಲಿ" ಎಂದದ್ದು ಆದರದ ಮಾತು, ಒಪ್ಪಂದವಲ್ಲ. ಸದಸ್ಯರ ಅಂತ್ಯಕ್ರಿಯೆ ಬಂದರೆ ನಿಮ್ಮ ದಿನ ಬದಲಾಗಬಹುದು ಎಂಬ ಕಲಮೂ ಇರುತ್ತದೆ, ಓದಿಕೊಳ್ಳಿ. ವರ್ಷಪೂರ್ತಿ ತರಗತಿಗೆ ಬೇರೆ ಕರಾರು. ಆರಾಧನೆಗೆ ಬಳಸುವ ಜಾಗವನ್ನು ಗುತ್ತಿಗೆಗೆ ಕೊಡಲು, ಅಥವಾ ಬೇರೆ ಯಾವುದೇ ಜಾಗವನ್ನು 5 ವರ್ಷಕ್ಕಿಂತ ಹೆಚ್ಚು ಅವಧಿಗೆ ಕೊಡಲು, ಪ್ರೆಸ್ಬಿಟೆರಿಯ ಲಿಖಿತ ಅನುಮತಿ ಬೇಕು. ಚರ್ಚಿನ ಆಸ್ತಿ ಇಡೀ ಪಂಥದ ಪರವಾಗಿ ಟ್ರಸ್ಟ್ ಆಗಿ ಇಟ್ಟುಕೊಂಡದ್ದು ಎಂಬುದು ಅವರ ಸಂವಿಧಾನದಲ್ಲೇ ಇದೆ. ದೀರ್ಘ ಕರಾರು ಕೇಳುವವರು ಇದಕ್ಕೆ ತಿಂಗಳುಗಳನ್ನು ಮೀಸಲಿಡಬೇಕು.

ಮಕ್ಕಳ ತರಗತಿಯಾದರೆ ಚರ್ಚಿನ ಮಕ್ಕಳ ರಕ್ಷಣಾ ನೀತಿಯ ಪ್ರತಿ ಕೇಳಿ ಪಡೆಯಿರಿ. ಪ್ರತಿ ಸೆಷನ್ನೂ ಅಂಥ ನೀತಿಯನ್ನು ಹೊಂದಿರಲೇಬೇಕು. ಸಾಮಾನ್ಯವಾಗಿ ಅದರಲ್ಲಿರುವುದು: ಕೋಣೆಯಲ್ಲಿ ಸದಾ ಇಬ್ಬರು ವಯಸ್ಕರು, ಅವರು ಒಂದೇ ಮನೆಯವರಾಗಿರಬಾರದು, ಹಿನ್ನೆಲೆ ಪರಿಶೀಲನೆ, ಬಾಗಿಲಿಗೆ ಗಾಜಿಲ್ಲದಿದ್ದರೆ ತೆರೆದೇ ಇರಬೇಕು. ಗಂಡ ಹೆಂಡತಿ ಇಬ್ಬರೇ ಪಾಠ ಮಾಡುವ ಕನ್ನಡ ತರಗತಿಗಳು ಇಲ್ಲೇ ಸಿಕ್ಕಿಬೀಳುತ್ತವೆ. ಮೂರನೆಯ ಸ್ವಯಂಸೇವಕರನ್ನು ಮೊದಲೇ ನೋಡಿಕೊಳ್ಳಿ.

ಇನ್ನು ಸೆಕ್ಸ್ಟನ್. ಕಟ್ಟಡ ನೋಡಿಕೊಳ್ಳುವ, ಬೀಗ, ಹೀಟರ್, ಮೇಜು ಕುರ್ಚಿ ಎಲ್ಲ ಬಲ್ಲ ಮನುಷ್ಯ. ಕೆಲವೆಡೆ ಕಸ್ಟೋಡಿಯನ್ ಎನ್ನುತ್ತಾರೆ. ಕಾರ್ಯಕ್ರಮದ ವಾರ ಇವರ ಜೊತೆ ಅರ್ಧ ಗಂಟೆ ಕಟ್ಟಡ ಸುತ್ತಿ. ಕೇಳಬೇಕಾದದ್ದು: ಅಲಾರಂ ಕೋಡ್, ಯಾವ ಬಾಗಿಲು ತಾನಾಗಿ ಬೀಗ ಬೀಳುತ್ತದೆ, ಹೀಟರ್ ಎಷ್ಟು ಗಂಟೆಗೆ ಹತ್ತುವಂತೆ ಇಟ್ಟಿದ್ದಾರೆ, ಬ್ರೇಕರ್ ಪೆಟ್ಟಿಗೆ ಎಲ್ಲಿ. ಕೊನೆಯದು ಮುಖ್ಯ. 15 ಆಂಪಿಯರಿನ ಸರ್ಕಿಟ್ 120 ವೋಲ್ಟಿನಲ್ಲಿ ಹೊರುವುದು 1800 ವಾಟ್ ಮಾತ್ರ. ದೊಡ್ಡ ಕಾಫಿ ಪಾತ್ರೆಯೊಂದೇ 1500 ವಾಟ್ ಎಳೆಯಬಹುದು. ಅದೇ ಗೋಡೆಯ ಪ್ಲಗ್ಗಿಗೆ ರೈಸ್ ಕುಕ್ಕರ್ ಹಾಕಿದರೆ ಬಡಿಸುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತದೆ. ಯಾವ ಪ್ಲಗ್ ಯಾವ ಸರ್ಕಿಟ್ ಎಂದು ಸೆಕ್ಸ್ಟನ್ ಬಲ್ಲರು, ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ.

ಅಡುಗೆಮನೆಯಲ್ಲಿ ಒಲೆ ಹಚ್ಚುವ ಮೊದಲು ಮೇಲಿನ ಹೊಗೆ ಫ್ಯಾನ್ ಹಾಕಿ. ಒಣ ಮೆಣಸಿನಕಾಯಿ ಒಗ್ಗರಣೆಗೆ ಅಲಾರಂ ಹೊಡೆದು ಅಗ್ನಿಶಾಮಕದವರು ಬಂದರೆ ದಂಡ ನಿಮಗೆ ಬೀಳಬಹುದು. ಒಗ್ಗರಣೆ ಮನೆಯಲ್ಲೇ ಹಾಕಿ ತರುವುದು ಕ್ಷೇಮ. ಉಳಿದ ಎಣ್ಣೆ, ಸಾರಿನ ಗಸಿ ಸಿಂಕಿಗೆ ಹೋಗಬಾರದು, ಡಬ್ಬದಲ್ಲಿ ಒಯ್ಯಿರಿ. ಅರಿಶಿನ ತಿಳಿಬಣ್ಣದ ಕಟ್ಟೆಯ ಮೇಲೆ ಕಲೆ ಬಿಡುತ್ತದೆ, ಮೊದಲೇ ಕಾಗದ ಹಾಸಿ. ರಂಗೋಲಿ ನೆಲದ ಮೇಲೆ ನೇರವಾಗಿ ಬೇಡ, ಹಲಗೆಯ ಮೇಲೆ ಬಿಡಿಸಿ. ಹೊರಡುವ ಮೊದಲು ಮೇಜುಗಳ ಫೋಟೊ ತೆಗೆದು ಕಚೇರಿಗೆ ಕಳಿಸಿದರೆ ಠೇವಣಿ ಹಿಂತಿರುಗಲು ತಕರಾರಿಲ್ಲ. ಸೆಕ್ಸ್ಟನ್ ಹೆಚ್ಚು ಹೊತ್ತು ನಿಂತಿದ್ದರೆ ಆ ದುಡಿಮೆಯ ಲೆಕ್ಕ ಕಚೇರಿಯ ಮೂಲಕವೇ ಹೋಗಬೇಕು, ಇಲ್ಲದಿದ್ದರೆ ಅವರ ಸಂಬಳದ ಲೆಕ್ಕ ತಪ್ಪುತ್ತದೆ. ಅವರಿಗೊಂದು ಊಟ ತೆಗೆದಿಡಲು ಯಾರ ಅನುಮತಿಯೂ ಬೇಡ.

ಸಂಗೀತದವರು, ಪ್ರೀಸ್ಕೂಲು, ಹಣ

ಭರತನಾಟ್ಯಕ್ಕೆ ವೇದಿಕೆ ಬೇಕೆಂದು ಪಿಯಾನೊ ಸರಿಸುವ ಮೊದಲು ಮ್ಯೂಸಿಕ್ ಡೈರೆಕ್ಟರನ್ನು ಕೇಳಿ. ಪಿಯಾನೊದ ಕಾಲು ಮುರಿಯುವುದು, ಶ್ರುತಿ ಕೆಡುವುದು ಎರಡೂ ಆಗುತ್ತದೆ. ಅದರ ಮೇಲೆ ದೀಪ, ಹೂವಿನ ಪಾತ್ರೆ ಇಡಬೇಡಿ. ಆರ್ಗನ್ ಮುಟ್ಟುವುದು ಆರ್ಗನಿಸ್ಟರ ಅನುಮತಿಯಿಂದ ಮಾತ್ರ. ಕೊಳವೆಗಳ ಶ್ರುತಿ ತಾಪಮಾನದೊಂದಿಗೆ ಏರಿಳಿಯುವುದರಿಂದ ನೀವು ಹೀಟರಿನ ಗುಂಡಿ ತಿರುಗಿಸಿದರೂ ಮರುದಿನದ ಆರಾಧನೆಗೆ ಅದರ ಪರಿಣಾಮ ತಟ್ಟುತ್ತದೆ.

ಪ್ರೀಸ್ಕೂಲು ಚರ್ಚಿನ ಕಟ್ಟಡದಲ್ಲಿದ್ದರೂ ಅದರ ಆಡಳಿತ ಡೈರೆಕ್ಟರ್ ಕೈಯಲ್ಲಿ, ಮೇಲೆ ಒಂದು ಸಮಿತಿ. ದೂರು ಶಿಕ್ಷಕಿಯಿಂದ ಡೈರೆಕ್ಟರಿಗೆ, ಅಲ್ಲಿಂದ ಸಮಿತಿಗೆ ಹೋಗಲಿ. ಭಾನುವಾರದ ನರ್ಸರಿ ಬೇರೆ. ಅದನ್ನು ನೋಡುವುದು ಕ್ರಿಶ್ಚಿಯನ್ ಎಜುಕೇಷನ್ ಡೈರೆಕ್ಟರ್. ನರ್ಸರಿಯಲ್ಲಿ ಸಂಬಳದ ಕೆಲಸ ಮಾಡಲು ಬಯಸುವ ತಾಯಂದಿರು ವೀಸಾ ನೋಡಿಕೊಳ್ಳಿ. ಎಚ್-4ನಲ್ಲಿ (ಎಚ್-1ಬಿಯಂಥ ವೀಸಾದವರ ಕುಟುಂಬದ ವೀಸಾ) ಕೆಲಸದ ಪರವಾನಗಿ ಇಲ್ಲದಿದ್ದರೆ ವಾರಕ್ಕೆ ಎರಡೇ ಗಂಟೆಯಾದರೂ, ನಗದಾದರೂ, ಸಂಬಳ ತೆಗೆದುಕೊಳ್ಳುವಂತಿಲ್ಲ. ಪರವಾನಗಿ ಇದ್ದವರು ಕೆಲಸ ಶುರುವಾದ 3 ಕೆಲಸದ ದಿನಗಳೊಳಗೆ ಕೆಲಸದ ಅರ್ಹತೆ ಪರಿಶೀಲಿಸುವ ಐ-9 ಫಾರಂಗೆ ದಾಖಲೆ ತೋರಿಸಬೇಕು.

ಹಣದ ವಿಷಯದಲ್ಲಿ ಖಜಾಂಚಿ ಸೆಷನ್ ಆರಿಸಿದವರು, ಬುಕ್‌ಕೀಪರ್ ಸಾಮಾನ್ಯವಾಗಿ ಸಂಬಳದವರು. ರಸೀದಿಗೆ ಬುಕ್‌ಕೀಪರನ್ನು ಕೇಳಿ. ಚೆಕ್ ಚರ್ಚಿನ ಹೆಸರಿಗೇ ಇರಲಿ, ಪಾಸ್ಟರ್ ಹೆಸರಿಗೆ ಬೇಡ. 250 ಡಾಲರ್ ಅಥವಾ ಹೆಚ್ಚಿನ ಕಾಣಿಕೆಗೆ ತೆರಿಗೆ ವಿನಾಯಿತಿ ಬೇಕಾದರೆ ಲಿಖಿತ ಸ್ವೀಕೃತಿ ಅಗತ್ಯ. ಹಾಲ್ ಬಾಡಿಗೆ ಕಾಣಿಕೆಯಲ್ಲ, ಅದಕ್ಕೆ ವಿನಾಯಿತಿ ಪತ್ರ ಕೇಳಿ ಬುಕ್‌ಕೀಪರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಸಿಬ್ಬಂದಿಯಲ್ಲಿ ಯಾರದಾದರೂ ನಡತೆಯ ಬಗ್ಗೆ ದೂರಿದ್ದರೆ ಅದು ಸೆಷನ್ನಿನ ಪರ್ಸನೆಲ್ ಕಮಿಟಿಗೆ (ಸಿಬ್ಬಂದಿ ಸಮಿತಿ) ಹೋಗಬೇಕು, ಬರಹದಲ್ಲಿ, ದಿನಾಂಕ ಸಹಿತ. ದೂರು ಪಾಸ್ಟರ್ ಮೇಲೆಯೇ ಆದರೆ, ಅದೂ ಗಂಭೀರವಾದರೆ, ಚರ್ಚಿನೊಳಗೆ ತಿರುಗಬೇಡಿ. ಪ್ರೆಸ್ಬಿಟೆರಿಯ ಸ್ಟೇಟೆಡ್ ಕ್ಲರ್ಕಿಗೆ (ಅದರ ಕಾರ್ಯದರ್ಶಿ) ಲಿಖಿತ ಆರೋಪ ಕೊಡಿ, ಏಕೆಂದರೆ ಪಾಸ್ಟರ್ ಉತ್ತರ ಕೊಡಬೇಕಾದದ್ದು ಪ್ರೆಸ್ಬಿಟೆರಿಗೆ. ಮಗುವಿಗೆ ಹಾನಿಯಾಗಿದೆ ಎಂಬ ಅನುಮಾನವಿದ್ದರೆ ಇವರೆಲ್ಲರಿಗಿಂತ ಮೊದಲು ಪೊಲೀಸರಿಗೆ ಅಥವಾ ರಾಜ್ಯದ ಮಕ್ಕಳ ರಕ್ಷಣಾ ಇಲಾಖೆಗೆ ಕರೆ ಮಾಡಿ, ಆಮೇಲೆ ಚರ್ಚಿಗೆ ತಿಳಿಸಿ.